ತೊಳೆದು ತಂದ ಚೀಲ

(ಬೆಳಗಾವಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳವರು, ಹಾಲು-ಪನೀರ್ ಮಾಡಿ ಮಾರುವವರು ಸೇರಿದ್ದ ಸಭೆಯಲ್ಲಿ ವಕೀಲನಾಗಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕೆಟ್ಟ ಚೀಸ್, ಕೆಟ್ಟ ಪನೀರ್ ಮಾರಿದವರ ಮೇಲೆ ಕೇಸು ನಡೆಸೋದು ಹೇಗೆ ಅಂತ ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ಕಾಯ್ದೆಗೆ ಹೋಗುವ ಮೊದಲು ಒಂದು ಚೀಲದ ಕತೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಬೈಲಹೊಂಗಲ ಕಡೆಯ ಹಳ್ಳಿಯಿಂದ ಒಬ್ಬ ತಾಯಿ ನನ್ನ ಆಫೀಸಿಗೆ ಬಂದರು. ಮನೆಯಲ್ಲಿ ಮಗಳ ಕುಬುಸದ ಕಾರ್ಯ ಆಗಿತ್ತು. ಹೋಳಿಗೆ, ಎಣ್ಣೆಗಾಯಿ ಜೊತೆಗೆ ಹುಡುಗರ ಆಸೆಗೆ ಅಂತ ಪನೀರ್ ಪಲ್ಯ ಮಾಡಿಸಿದ್ದರು. ಪನೀರು ಪೇಟೆಯ ಒಂದು ಅಂಗಡಿಯಿಂದ ತಂದದ್ದು. ರಾತ್ರಿ ಆಗುವಷ್ಟರಲ್ಲಿ ಉಂಡವರಲ್ಲಿ ಹತ್ತಾರು ಮಂದಿಗೆ ವಾಂತಿ, ಬೇಧಿ. ಏಳು ತಿಂಗಳ ಬಸುರಿ ಮಗಳು ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದಳು. ದೇವರು ದೊಡ್ಡವನು, ತಾಯಿ-ಕೂಸು ಇಬ್ಬರೂ ಉಳಿದರು. ಎರಡು ವಾರ ಕಳೆದ ಮೇಲೆ ಇವರು ನನ್ನ ಹತ್ತಿರ ಬಂದಿದ್ದರು.

"ಪನೀರ್ ಅಲ್ಲಿಂದನ ತಂದೀವಿ ಅನ್ನಾಕ ಏನರ ಐತೇನ್ರಿ ಅಕ್ಕಾರ?" ಅಂತ ಕೇಳಿದೆ. ಅವರು ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟುಕೊಂಡಿದ್ದರು. "ಇದರಾಗ ತಂದಿದ್ದಿವ್ರಿ ವಕೀಲ್ರ. ವಾಸನಿ ಹೊಡೀತಿತ್ತು, ಸೋಪ್ ಹಚ್ಚಿ ಸ್ವಚ್ಛ ತೊಳದ ತಂದೇನ್ರಿ" ಅಂದರು.

ಆ ಚೀಲದ ಮೇಲೆ ಹೆಸರಿಲ್ಲ, ತಾರೀಖಿಲ್ಲ, ನಂಬರಿಲ್ಲ. ಅಂಗಡಿಯವರು ಬಿಲ್ ಕೊಟ್ಟಿರಲಿಲ್ಲ, ಇವರೂ ಕೇಳಿರಲಿಲ್ಲ. ಉಳಿದ ಪಲ್ಯ ತಿಪ್ಪೆಗೆ ಹೋಗಿತ್ತು. ಪಾತ್ರೆಗಳನ್ನು ಅದೇ ರಾತ್ರಿ ತಿಕ್ಕಿ ತೊಳೆದಿದ್ದರು. ಆಸ್ಪತ್ರೆಯಲ್ಲಿ ಸಲೈನ್ ಹಾಕಿದ್ದರು, ಗುಳಿಗೆ ಕೊಟ್ಟಿದ್ದರು, ಆದರೆ ಮಲದ ಪರೀಕ್ಷೆ ಯಾರಿಗೂ ಮಾಡಿರಲಿಲ್ಲ. ಆ ತಾಯಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಅಂತ ನಾನು ಇವತ್ತಿಗೂ ನಂಬುತ್ತೇನೆ. ಆದರೂ ಕೇಸು ನಿಲ್ಲಲಿಲ್ಲ.

ಈ ಚೀಲವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಕೇಳಿ. ಆಹಾರದ ಕೇಸು ಗೆಲ್ಲೋದು, ಸೋಲೋದು ಕೋರ್ಟಿನಲ್ಲಿ ಅಂತ ಜನ ತಿಳಿದಿದ್ದಾರೆ. ನಾನು ನೋಡಿದ ಮಟ್ಟಿಗೆ ಅದು ಮೊದಲ ಒಂದೆರಡು ದಿನದಲ್ಲೇ, ಅಡುಗೆಮನೆಯಲ್ಲಿ, ಅಂಗಡಿಯ ಫ್ರಿಜ್ ಮುಂದೆ ತೀರ್ಮಾನ ಆಗಿಬಿಟ್ಟಿರುತ್ತದೆ.

ಮೊದಲು ಒಂದು ಶಬ್ದದ ವಿಷಯ. ಪೇಪರಿನವರು ಚೀಸ್‌ಗೆ ಗಿಣ್ಣು ಅಂತ ಬರೆಯುತ್ತಾರೆ. ನಮ್ಮ ಕಡೆ ಗಿಣ್ಣ ಅಂದರೆ ಎಮ್ಮೆ ಈದ ಮೊದಲ ದಿನಗಳ ಹಾಲಿನಿಂದ ಬೆಲ್ಲ, ಏಲಕ್ಕಿ ಹಾಕಿ ಮಾಡೋದು. ಗಲಿಬಿಲಿ ಬೇಡ ಅಂತ ನಾನು ಚೀಸ್, ಪನೀರ್ ಅಂತಲೇ ಹೇಳುತ್ತೇನೆ.

ಇನ್ನೊಂದು. ಈಗ ಎಲ್ಲರ ಮೊಬೈಲ್‌ನಲ್ಲೂ ನಕಲಿ ಪನೀರಿನ ವಿಡಿಯೊ ಓಡಾಡುತ್ತಿವೆ. ಅಯೋಡಿನ್ ಹಾಕಿ, ನೀಲಿ ಬಣ್ಣ ಬಂದರೆ ವಿಷ ಅಂತ ಹೇಳುತ್ತಾರೆ. ಅಯೋಡಿನ್ ತೋರಿಸೋದು ಪಿಷ್ಟ ಇದೆಯೋ ಇಲ್ಲವೋ ಅನ್ನೋದನ್ನ ಮಾತ್ರ. ಹಾಲಿನ ಪುಡಿ, ಪಾಮ್ ಎಣ್ಣೆ ಸೇರಿಸಿ ಮಾಡಿದ್ದನ್ನು ಪನೀರ್ ಅಂತ ಮಾರಿದರೆ ಅದು ಮೋಸ, ಅದಕ್ಕೆ ದಂಡ ಇದೆ. ಪನೀರಿನಲ್ಲಿ ನೀರು ತೆಗೆದು ಉಳಿಯುವ ಗಟ್ಟಿ ಅಂಶದಲ್ಲಿ ಶೇಕಡಾ 50ರಷ್ಟಾದರೂ ಹಾಲಿನ ಕೊಬ್ಬು ಇರಬೇಕು ಅನ್ನೋದು ನಿಯಮ. ಆದರೆ ಜೀವ ತೆಗೆಯೋದು ಹೆಚ್ಚಾಗಿ ಇದಲ್ಲ. ಮನೆಯ ಎಮ್ಮೆಯ ಅಪ್ಪಟ ಹಾಲಿನಿಂದ ಮಾಡಿ, ಮಾಸಿದ ಬಟ್ಟೆಯಲ್ಲಿ ಹಿಂಡಿ, ಕೊಳಕು ನೀರಲ್ಲಿ ತಣ್ಣಗೆ ಮಾಡಿದ ಅಸಲಿ ಪನೀರೇ ಜಾಸ್ತಿ ಅಪಾಯ. ರುಚಿ, ಬಣ್ಣ, ವಾಸನೆ ಎಲ್ಲ ಸರಿಯಾಗೇ ಇರುತ್ತದೆ. ಕಣ್ಣಿಗೆ ಕಾಣದ್ದು ಒಳಗೆ ಕೂತಿರುತ್ತದೆ.

ಅಂಥ ಒಂದು ಜಂತುವಿನ, ಅಂದರೆ ಬ್ಯಾಕ್ಟೀರಿಯಾದ, ಹೆಸರು ಲಿಸ್ಟೀರಿಯಾ. ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ತಾಸು, ಇಲ್ಲವೇ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿದರೆ ಸಾಯುತ್ತದೆ. ಆದರೆ ಆಮೇಲೆ ಬಟ್ಟೆಯಿಂದಲೋ ಚಾಕುವಿನಿಂದಲೋ ಮತ್ತೆ ಹತ್ತಿಕೊಂಡರೆ, ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ಬೇರೆ ಎಷ್ಟೋ ಜಂತುಗಳು ತಂಪಿಗೆ ಸುಮ್ನೆ ಇರುತ್ತವೆ, ಇದು ಇರೋದಿಲ್ಲ. ಇದು ಹೆಚ್ಚು ಕಾಡೋದು ಬಸುರಿಯರನ್ನ, ಹಸುಗೂಸುಗಳನ್ನ, ವಯಸ್ಸಾದವರನ್ನ. ಬಸುರಿಗೆ ಎರಡು ದಿನ ಜ್ವರ ಬಂದು ಹೋದಂತೆ ಆಗಬಹುದು, ಆದರೆ ಹೊಟ್ಟೆಯೊಳಗಿನ ಕೂಸು ಉಳಿಯದೇ ಹೋಗಬಹುದು. ತಿಂದದ್ದಕ್ಕೂ ಕಾಯಿಲೆ ಕಾಣಿಸೋದಕ್ಕೂ ನಡುವೆ 70 ದಿನದವರೆಗೂ ಅಂತರ ಇರಬಹುದು. ಎರಡು ತಿಂಗಳ ಹಿಂದೆ ಯಾವ ಅಂಗಡಿಯ ಪನೀರ್ ತಿಂದೆ ಅಂತ ಯಾರಿಗೆ ನೆನಪಿರುತ್ತದೆ ಹೇಳಿ?

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1985ರಲ್ಲಿ ಆದದ್ದು ಇದೇ. ಜನವರಿಯಿಂದ ಆಗಸ್ಟ್‌ವರೆಗೆ 142 ಮಂದಿಗೆ ಈ ಸೋಂಕು ತಗಲಿತು. ಅದರಲ್ಲಿ 93 ಪ್ರಕರಣ ಬಸುರಿಯರದ್ದು, ಅವರ ಕೂಸುಗಳದ್ದು. ಸತ್ತವರು 48. ಅವುಗಳಲ್ಲಿ 20 ಇನ್ನೂ ಹೊಟ್ಟೆಯೊಳಗಿದ್ದ ಕೂಸು, 10 ಹುಟ್ಟಿದ ಹಸುಗೂಸು. ನಾನು ಈ ಲೆಕ್ಕವನ್ನು ಎಷ್ಟು ಸಲ ಹೇಳಿದರೂ ಇಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ.

ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದ ಬಡ ಹೆಂಗಸರು. ಆರೋಗ್ಯ ಇಲಾಖೆಯವರು ಮನೆಮನೆಗೆ ಹೋಗಿ ಏನು ತಿಂದಿರಿ, ಎಲ್ಲಿ ಕೊಂಡಿರಿ ಅಂತ ಕೇಳಿದರು. ಕಾಯಿಲೆ ಆಗದ ಬಸುರಿಯರನ್ನೂ ಅದೇ ಪ್ರಶ್ನೆ ಕೇಳಿ ತಾಳೆ ನೋಡಿದರು. ಎಲ್ಲ ದಾರಿಯೂ ಜಲಿಸ್ಕೊ ಅನ್ನುವ ಕಂಪನಿಯ ಮೆತ್ತಗಿನ ಬಿಳಿ ಚೀಸ್‌ಗೆ ಬಂದು ನಿಂತಿತು. ನೋಡಲಿಕ್ಕೆ ಹೆಚ್ಚುಕಡಿಮೆ ನಮ್ಮ ಪನೀರಿನ ಹಾಗೇ ಇರುತ್ತದೆ. ಜೂನ್‌ನಲ್ಲಿ ಆ ಚೀಸನ್ನೆಲ್ಲ ಮಾರುಕಟ್ಟೆಯಿಂದ ವಾಪಸ್ ತೆಗೆಸಿದರು.

ಈಗ ಪುರಾವೆಯ ಮಾತಿಗೆ ಬನ್ನಿ. ಹಸಿ ಹಾಲಿನಲ್ಲಿ ಫಾಸ್ಫಟೇಸ್ ಅನ್ನುವ ಒಂದು ಕಿಣ್ವ ಇರುತ್ತದೆ. ಹಾಲನ್ನು ಸರಿಯಾಗಿ ಪಾಶ್ಚರೀಕರಣ ಮಾಡಿದರೆ, ಅಂದರೆ ಆಗಲೇ ಹೇಳಿದ ಹಾಗೆ ಕಾಯಿಸಿದರೆ, ಅದು ನಾಶವಾಗುತ್ತದೆ. ಆ ಚೀಸ್‌ನಲ್ಲಿ ಕಿಣ್ವ ಉಳಿದಿತ್ತು. ಅಂದರೆ ಹಸಿ ಹಾಲು ಎಲ್ಲೋ ಸೇರಿದೆ. ಕಂಪನಿಯವರು ಏನೇ ಹೇಳಲಿ, ಚೀಸೇ ಸಾಕ್ಷಿ ಹೇಳಿತು. ತೆರೆಯದ ಪ್ಯಾಕೆಟ್‌ನಲ್ಲೂ ಅದೇ ಜಂತು ಸಿಕ್ಕಿತ್ತು, ಆದ್ದರಿಂದ ಅಂಗಡಿಯಲ್ಲಿ ಕೆಟ್ಟಿತು ಅನ್ನೋ ವಾದ ನಡೆಯಲಿಲ್ಲ. ಕೊನೆಗೆ ಇಬ್ಬರಿಗೆ ಜೈಲಾಯಿತು. ಒಬ್ಬರಿಗೆ 60 ದಿನ, ಇನ್ನೊಬ್ಬರಿಗೆ 30 ದಿನ. ಇಷ್ಟೇನಾ ಅಂತ ನಿಮಗೆ ಅನಿಸುತ್ತಿದೆ ಅಲ್ವಾ? ನನಗೂ ಹಾಗೇ ಅನಿಸುತ್ತದೆ.

ನಮ್ಮ ಕಾಯ್ದೆ ಅದಕ್ಕಿಂತ ಬಿಗಿ. ಮೊದಲು 1954ರ ಕಲಬೆರಕೆ ತಡೆ ಕಾಯ್ದೆ ಇತ್ತು. ಅದರ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು, 2011ರ ಆಗಸ್ಟ್ 5ರಿಂದ ಜಾರಿ. ಇದರಲ್ಲಿ ಎರಡು ದಾರಿ ಇದೆ, ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ಕೊಬ್ಬು ಕಡಿಮೆ, ಗುಣಮಟ್ಟ ಇಲ್ಲ, ಲೇಬಲ್ ಸುಳ್ಳು, ಇಂಥವು ಅಪರ ಜಿಲ್ಲಾಧಿಕಾರಿಗಳ ಮುಂದೆ ಹೋಗುತ್ತವೆ. ಅಲ್ಲಿ ದಂಡ ಮಾತ್ರ. ಗುಣಮಟ್ಟ ಇಲ್ಲದ್ದಕ್ಕೆ 5 ಲಕ್ಷದವರೆಗೆ, ಸುಳ್ಳು ಲೇಬಲ್‌ಗೆ 3 ಲಕ್ಷದವರೆಗೆ. ಆದರೆ ಆಹಾರ ಅಸುರಕ್ಷಿತ ಅಂತ ಲ್ಯಾಬ್ ವರದಿ ಬಂದರೆ ದಾರಿಯೇ ಬೇರೆ. ಅದು ಕೋರ್ಟಿಗೆ ಹೋಗುತ್ತದೆ, ಜೈಲು ಶಿಕ್ಷೆ ಆಗಬಹುದು.

ಅದರ ಸೆಕ್ಷನ್ 59. ಅಸುರಕ್ಷಿತ ಆಹಾರ ಮಾರಿದರೆ, ಯಾರಿಗೂ ಏನೂ ಆಗದಿದ್ದರೂ, 3 ತಿಂಗಳವರೆಗೆ ಜೈಲು, 3 ಲಕ್ಷದವರೆಗೆ ದಂಡ. ಮೊದಲು ಇದು 6 ತಿಂಗಳು, 1 ಲಕ್ಷ ಇತ್ತು, 2023ರ ಜನ ವಿಶ್ವಾಸ ಕಾಯ್ದೆಯಲ್ಲಿ ಬದಲಾಯಿಸಿದರು. ಜೈಲು ಇಳಿಸಿ ದಂಡ ಏರಿಸಿದ್ದು ನನಗೆ ಸರಿ ಕಂಡಿಲ್ಲ. ದೊಡ್ಡ ಘಟಕದವರಿಗೆ 3 ಲಕ್ಷ ಒಂದು ಲೆಕ್ಕವೇ? ತಿಂದವರಿಗೆ ಸಾಧಾರಣ ತೊಂದರೆ ಆದರೆ 1 ವರ್ಷದವರೆಗೆ, ಗಂಭೀರ ತೊಂದರೆ ಆದರೆ 6 ವರ್ಷದವರೆಗೆ. ಸಾವು ಆದರೆ ಕಡಿಮೆ ಅಂದರೂ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು, ದಂಡ 10 ಲಕ್ಷಕ್ಕೆ ಕಡಿಮೆ ಇಲ್ಲ. ಸತ್ತವರ ಮನೆಯವರಿಗೆ ಪರಿಹಾರ ಕನಿಷ್ಠ 5 ಲಕ್ಷ, ಅದು ಸೆಕ್ಷನ್ 65.

ಜನ ಮೊದಲು ಓಡೋದು ಪೊಲೀಸ್ ಸ್ಟೇಷನ್‌ಗೆ. ಆಹಾರ ಸುರಕ್ಷತಾ ಕಾಯ್ದೆ ಇರುವಾಗ ಅದೇ ತಪ್ಪಿಗೆ ಹಳೆಯ ದಂಡ ಸಂಹಿತೆಯ 272, 273ನೇ ಕಲಂ ಕೆಳಗೆ ಕೇಸು ನಡೆಸಲಿಕ್ಕೆ ಬರೋದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಆದ್ದರಿಂದ ನೀವು ಹುಡುಕಬೇಕಾದದ್ದು ನಿಮ್ಮ ತಾಲೂಕಿನ ಆಹಾರ ಸುರಕ್ಷತಾ ಅಧಿಕಾರಿಯನ್ನ. ಅವರ ಮೇಲೆ ಜಿಲ್ಲೆಗೊಬ್ಬರು ಅಂಕಿತ ಅಧಿಕಾರಿ ಇರುತ್ತಾರೆ.

ಈಗ ಮಾದರಿ ತೆಗೆಯೋದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಕೇಸಿನ ಜೀವ ಇರೋದೇ ಇಲ್ಲಿ. ಅಧಿಕಾರಿ ಬಂದು ಅಂಗಡಿಯವರಿಗೆ ನೋಟಿಸ್ ಕೊಡುತ್ತಾರೆ, ಪಂಚರನ್ನು ಕರೆಯುತ್ತಾರೆ. ಪನೀರನ್ನು ನಾಲ್ಕು ಭಾಗ ಮಾಡುತ್ತಾರೆ. ಒಂದೊಂದನ್ನೂ ಒಣಗಿದ, ಸ್ವಚ್ಛ ಡಬ್ಬಿಗೆ ಹಾಕಿ, ದಪ್ಪ ಕಾಗದ ಸುತ್ತಿ, ಅಂಕಿತ ಅಧಿಕಾರಿಯ ಸಹಿ, ಕೋಡ್ ನಂಬರ್ ಇರುವ ಚೀಟಿಯನ್ನು ಮೇಲಿಂದ ಕೆಳಗಿನವರೆಗೆ ಅಂಟಿಸುತ್ತಾರೆ. ಮೇಲೆ ದಾರ ಕಟ್ಟಿ, ಗಂಟಿನ ಮೇಲೆ ಅರಗು ಕರಗಿಸಿ ಸೀಲು ಒತ್ತುತ್ತಾರೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ. ಎರಡು ಭಾಗ ಅಂಕಿತ ಅಧಿಕಾರಿಯ ಹತ್ತಿರ ಜೋಪಾನಕ್ಕೆ. ಇನ್ನೊಂದನ್ನು ವ್ಯಾಪಾರಿ ಕೇಳಿಕೊಂಡರೆ ಮಾನ್ಯತೆ ಇರುವ ಬೇರೆ ಲ್ಯಾಬಿಗೆ ಕಳಿಸಬೇಕು. ನಮ್ಮ ಬೆಳಗಾವಿಯಲ್ಲೇ ವಿಭಾಗೀಯ ಆಹಾರ ಪ್ರಯೋಗಾಲಯ ಇದೆ. ವರದಿ 14 ದಿನದೊಳಗೆ ಬರಬೇಕು. ವ್ಯಾಪಾರಿ ಒಪ್ಪದಿದ್ದರೆ ಮೇಲ್ಮನವಿ ಹಾಕಿ ರೆಫರಲ್ ಲ್ಯಾಬಿಗೆ, ಅಂದರೆ ಮರುಪರೀಕ್ಷೆ ಮಾಡುವ ಮೇಲಿನ ಲ್ಯಾಬಿಗೆ, ಕಳಿಸಿ ಅನ್ನಬಹುದು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥದ್ದೊಂದು.

ಇದೆಲ್ಲ ಎಣ್ಣೆ, ಬೇಳೆ, ಖಾರಪುಡಿಗೆ ಸರಿ. ಪನೀರು, ಚೀಸು, ಖವಾ ಅಂದರೆ ಜೀವ ಇರುವ ಪದಾರ್ಥ ಇದ್ದ ಹಾಗೆ. ಕೊಬ್ಬಿನ ಪರೀಕ್ಷೆಗೆ ಹಾಲಿನ ಮಾದರಿ ಕೆಡದೇ ಇರಲಿ ಅಂತ ಫಾರ್ಮಲಿನ್ ಹನಿ ಹಾಕುವ ರೂಢಿ ಹಳೆಯ ಕಾಯ್ದೆಯ ಕಾಲದಿಂದಲೂ ಇದೆ. ಆದರೆ ಫಾರ್ಮಲಿನ್ ಜಂತುಗಳನ್ನೇ ಕೊಲ್ಲುತ್ತದೆ. ಯಾವ ಜಂತು ಇದೆ ಅಂತ ನೋಡಬೇಕಾದ ಮಾದರಿಗೆ ಅದನ್ನು ಹಾಕಿದರೆ ಸಾಕ್ಷಿಯನ್ನು ನಾವೇ ಕೊಂದ ಹಾಗೆ. ಜಂತುವಿನ ಪರೀಕ್ಷೆಗೆ ಮಾದರಿಯನ್ನು ಶುದ್ಧ ಸಲಕರಣೆಯಿಂದ ತೆಗೆದು, ಏನೂ ಬೆರೆಸದೆ, ಐಸ್ ಡಬ್ಬಿಯಲ್ಲಿಟ್ಟು ತಡ ಮಾಡದೆ ಮುಟ್ಟಿಸಬೇಕು. ಬೇಸಿಗೆಯಲ್ಲಿ ಅಥಣಿಯಿಂದ ಬೆಳಗಾವಿಗೆ ಬರೋ ಹೊತ್ತಿಗೆ ಡಬ್ಬಿಯ ಐಸ್ ಕರಗಿ ನೀರಾಗಿದ್ದರೆ ಎದುರಿನ ವಕೀಲರು ಕೇಳೋ ಮೊದಲ ಪ್ರಶ್ನೆ ಅದೇ: "ಸ್ವಾಮಿ, ಈ ಜಂತು ನಮ್ಮ ಅಂಗಡಿಯಲ್ಲಿ ಬೆಳೆಯಿತೋ, ನಿಮ್ಮ ಜೀಪಿನಲ್ಲಿ ಬೆಳೆಯಿತೋ?"

ಆ ಪ್ರಶ್ನೆಯನ್ನು ತಪ್ಪು ಅನ್ನಲಾರೆ. ಆರೋಪಿಗೂ ಹಕ್ಕಿದೆ. ದಿಲ್ಲಿಯ ಒಂದು ಮೊಸರಿನ ಕೇಸು ನಾವೆಲ್ಲ ಓದಿದ್ದೇವೆ. ಮಾದರಿ ತೆಗೆದದ್ದು 1961ರ ಸೆಪ್ಟೆಂಬರ್‌ನಲ್ಲಿ. ಕೋರ್ಟಿಗೆ ದೂರು ಹೋದದ್ದು 1962ರ ಮೇ ತಿಂಗಳಲ್ಲಿ. ಆರೋಪಿ ತನ್ನ ಪಾಲಿನ ಮೊಸರನ್ನು ಕೇಂದ್ರ ಪ್ರಯೋಗಾಲಯಕ್ಕೆ ಕಳಿಸಿ ಅಂದ. ಅಷ್ಟರಲ್ಲಿ ಅದು ಕೊಳೆತು ಹೋಗಿತ್ತು, ಪರೀಕ್ಷೆ ಆಗೋದಿಲ್ಲ ಅಂತ ಅಲ್ಲಿಂದ ಬರೆದರು. 1967ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯ ಬಿಡುಗಡೆಯನ್ನು ಎತ್ತಿಹಿಡಿಯಿತು. ನಿಮ್ಮ ತಡದಿಂದ ಅವನ ಹಕ್ಕು ಹೋಯಿತು ಅನ್ನೋದು ಅದರ ಸಾರ. ಅಂದು ಮೊಸರು ಕೊಳೆತಂತೆ ಇಂದು ಪನೀರೂ ಕೊಳೆಯುತ್ತದೆ. ಈಗಿನ ಕಾಯ್ದೆಯಲ್ಲಿ ತಪ್ಪು ನಡೆದ ದಿನದಿಂದ 1 ವರ್ಷದೊಳಗೆ ಕೇಸು ಕೋರ್ಟಿಗೆ ಹೋಗಬೇಕು, ಕಾರಣ ಬರೆದು ಆಹಾರ ಸುರಕ್ಷತಾ ಆಯುಕ್ತರು 3 ವರ್ಷದವರೆಗೆ ಏರಿಸಬಹುದು. ಆದರೆ ಪನೀರು ಕಾನೂನಿನ ವರ್ಷ ಕಾಯೋದಿಲ್ಲ.

ಮಾದರಿ ಸಿಗದಿದ್ದರೆ ದಾರಿಯೇ ಇಲ್ಲವೇ? ಇದೆ. ಮಾಡಿದವರದೇ ದಾಖಲೆ. ನ್ಯೂಯಾರ್ಕ್ ರಾಜ್ಯದ ವಾಲ್ಟನ್ ಅನ್ನೋ ಸಣ್ಣ ಊರಲ್ಲಿ ಹಸಿ ಹಾಲಿನ ಚೀಸ್ ಮಾಡುವ ಚಿಕ್ಕ ಘಟಕ ಇತ್ತು. ಅಲ್ಲಿಯ ಚೀಸ್ ತಿಂದು 8 ಮಂದಿಗೆ ಲಿಸ್ಟೀರಿಯಾ ಹತ್ತಿತು, ಇಬ್ಬರು ತೀರಿಕೊಂಡರು. ಅದು ಬಯಲಿಗೆ ಬಂದದ್ದು 2017ರಲ್ಲಿ. ಅಧಿಕಾರಿಗಳು ಒಳಗೆ ಹೋಗಿ ನೋಡಿದರೆ, ಮಾಲೀಕ 2014ರಿಂದ ತಾನೇ ನೆಲ, ಮೇಜು, ಚರಂಡಿಗಳ ಒರೆಸಿದ ಮಾದರಿಗಳನ್ನು ಲ್ಯಾಬಿಗೆ ಕಳಿಸುತ್ತಿದ್ದ. ಅಂಥ 198ರಲ್ಲಿ 54ಕ್ಕೆ ಲಿಸ್ಟೀರಿಯಾ ಇದೆ ಅಂತ ವರದಿ ಬಂದಿತ್ತು. ವರದಿ ಕಡತದಲ್ಲಿತ್ತು, ಚೀಸ್ ಮಾರಾಟ ನಡೆದೇ ಇತ್ತು. 2024ರಲ್ಲಿ ಅವನು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಗೊತ್ತಿದ್ದೂ ಮಾರಿದ ಅನ್ನೋದಕ್ಕೆ ಅವನದೇ ಕಾಗದಗಳಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಇದನ್ನು ಕೇಳಿ ದಾಖಲೆ ಇಡೋದೇ ಬೇಡ ಅಂತ ಯಾರಾದರೂ ಅಂದುಕೊಂಡರೆ ಅದು ತಪ್ಪು. ನಮ್ಮ ಕಾಯ್ದೆಯ 26ನೇ ಸೆಕ್ಷನ್ ಹೇಳುತ್ತದೆ: ಒಂದು ಬ್ಯಾಚ್‌ನ ಒಂದು ತುಂಡು ಅಸುರಕ್ಷಿತ ಆದರೆ ಇಡೀ ಬ್ಯಾಚೇ ಹಾಗೆ ಅಂತ ತಿಳಿಯಬೇಕು. ಬ್ಯಾಚ್ ನಂಬರೇ ಹಾಕದಿದ್ದರೆ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಅಂತ ಹೇಗೆ ಬೇರೆ ಮಾಡುತ್ತೀರಿ? ಇಡೀ ತಿಂಗಳ ಮಾಲು ಹೋಗುತ್ತದೆ. ಮತ್ತೆ, ನಾನು ಮಾಡಬೇಕಾದ ಎಚ್ಚರಿಕೆ ಎಲ್ಲ ಮಾಡಿದ್ದೆ ಅನ್ನೋ ರಕ್ಷಣೆ 80ನೇ ಸೆಕ್ಷನ್‌ನಲ್ಲಿದೆ. ಅದನ್ನು ಬಾಯಿಮಾತಲ್ಲಿ ಹೇಳಿದರೆ ನ್ಯಾಯಾಧೀಶರು ನಂಬೋದಿಲ್ಲ. ಅಂಗಡಿಯವರಿಗೂ ಅಷ್ಟೇ. ಲೈಸೆನ್ಸ್ ಇರುವವರಿಂದ ಬಿಲ್ ಮೇಲೆ ಕೊಂಡು, ಅವರು ಹೇಳಿದ ತಂಪಿನಲ್ಲೇ ಇಟ್ಟಿದ್ದೆ ಅಂತ ತೋರಿಸಿದರೆ ಉಳಿಯುತ್ತಾರೆ. ಬಿಲ್ ಇಲ್ಲದಿದ್ದರೆ ಮಾಡಿದವನ ಜಾಗದಲ್ಲಿ ಇವರೇ ನಿಲ್ಲಬೇಕಾಗುತ್ತದೆ. ಕಟಕಟೆಯಲ್ಲಿ ಗಲ್ಲಿಯ ಸಣ್ಣ ಅಂಗಡಿಯವರೊಬ್ಬರೇ ನಿಂತು, ಮಾಲು ಮಾಡಿದ ಘಟಕದವರ ಹೆಸರೂ ಬಾರದ ಕೇಸುಗಳನ್ನು ನೋಡಿ ನನಗೆ ಬೇಜಾರಾಗಿದೆ. ಕಂಪನಿ ಆದರೆ 66ನೇ ಸೆಕ್ಷನ್ ಪ್ರಕಾರ ಜವಾಬ್ದಾರಿ ಹೊತ್ತ ವ್ಯಕ್ತಿಯೂ ಆರೋಪಿ ಆಗಬೇಕು. ಅಲ್ಲಿಯವರೆಗೆ ಹೋಗಲಿಕ್ಕೆ ಬೇಕಾದ ದಾರ ಆ ಬಿಲ್ಲು, ಆ ಬ್ಯಾಚ್ ನಂಬರು.

ಇನ್ನು ತಿನ್ನುವವರ ಮಾತು. ಊಟ ಆದ ಮೇಲೆ ನಾಲ್ಕು ಮಂದಿಗೆ ಒಟ್ಟಿಗೆ ಹೊಟ್ಟೆ ಕೆಟ್ಟರೆ ಮೊದಲು ಆಸ್ಪತ್ರೆ. ಅಲ್ಲಿ ಡಾಕ್ಟರಿಗೆ ಏನೇನು ತಿಂದಿರಿ ಅಂತ ಹೇಳಿ, ಮದ್ದು ಕೊಡೋ ಮೊದಲೇ ಮಲದ ಪರೀಕ್ಷೆಗೆ ಕೇಳಿ. ಮನೆಯಲ್ಲಿ ಇರುವವರು ಉಳಿದದ್ದನ್ನು ಚೆಲ್ಲಬೇಡಿ. ಇದ್ದ ಪ್ಯಾಕೆಟ್ ಸಮೇತ ಮುಚ್ಚಿ ಫ್ರಿಜ್‌ನಲ್ಲಿಡಿ, ಮಕ್ಕಳು ಮುಟ್ಟದ ಹಾಗೆ ಮೇಲೆ ಬರೆದಿಡಿ. ಪಾತ್ರೆ ತೊಳೆಯೋ ಮೊದಲು ಒಂದು ಫೋಟೊ. ಅದೇ ದಿನ ಆಹಾರ ಸುರಕ್ಷತಾ ಅಧಿಕಾರಿಗೆ ಫೋನ್ ಮಾಡಿ, ಸಿಗದಿದ್ದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 1800-112-100ಕ್ಕೆ. ನಿಮ್ಮ ಮನೆಯ ಎಂಜಲು ಪನೀರಿಗಿಂತ ಅಂಗಡಿಯಲ್ಲಿ ಉಳಿದ ಅದೇ ಬ್ಯಾಚ್‌ನ ತೆರೆಯದ ಪ್ಯಾಕೆಟ್ ಕೋರ್ಟಿಗೆ ಬಲವಾದ ಸಾಕ್ಷಿ. ಅದು ಮಾರಾಟ ಆಗಿ ಹೋಗುವ ಮೊದಲು ಅಧಿಕಾರಿ ಅಲ್ಲಿಗೆ ಮುಟ್ಟಬೇಕು. ಅದಕ್ಕೇ ಅವತ್ತೇ ಅಂದದ್ದು.

ಕೊಂಡವರೇ ಪರೀಕ್ಷೆ ಮಾಡಿಸಬಹುದು ಅಂತ 40ನೇ ಸೆಕ್ಷನ್ ಹೇಳುತ್ತದೆ. ಆದರೆ ಪರೀಕ್ಷೆಗೆ ಕಳಿಸುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಕಾಯಿಲೆ ಬಿದ್ದ ಮೇಲೆ ಅದು ಉಪಯೋಗಕ್ಕೆ ಬರೋದು ಕಷ್ಟ.

ಪ್ರಶ್ನೆಗೆ ಸಮಯ ಕೊಟ್ಟಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ಸರ್, ಫೋನ್ ಮಾಡಿದ್ರ ಅವರ ಬರೂದಿಲ್ಲ, ಬಂದ್ರೂ ಅಂಗಡಿಯವ್ರಿಗೆ ಮೊದಲ ಗೊತ್ತಾಗಿರತೈತಿ. ನಾವೇನ್ ಮಾಡೂನು?" ಅಂದರು. ಅವರ ಸಿಟ್ಟು ನ್ಯಾಯವಾದದ್ದು. ಫೋನ್ ಮಾಡಿದ್ದನ್ನು ಕಾಗದದಲ್ಲೂ ಕೊಡಿ ಅಂದೆ. ಒಂದು ಪ್ರತಿ ಅಂಕಿತ ಅಧಿಕಾರಿಗೆ, ಒಂದು ಜಿಲ್ಲಾಧಿಕಾರಿ ಕಚೇರಿಗೆ. ಸ್ವೀಕೃತಿಯ ಸಹಿ, ತಾರೀಖು, ಗಂಟೆ ಸಮೇತ ತೆಗೆದುಕೊಳ್ಳಿ. ಯಾರು ಎಷ್ಟು ತಡ ಮಾಡಿದರು ಅನ್ನೋದು ಆಗ ಬಾಯಿಮಾತಾಗಿ ಉಳಿಯೋದಿಲ್ಲ. ಹತ್ತು ಮನೆಯವರು ಒಟ್ಟಿಗೆ ಸಹಿ ಹಾಕಿದರೆ ಇನ್ನೂ ಒಳ್ಳೆಯದು.

ಇನ್ನೊಬ್ಬರು ಹುಕ್ಕೇರಿ ಕಡೆಯವರು, ಮನೆಯಲ್ಲೇ ದಿನಕ್ಕೆ ಎಂಟು ಹತ್ತು ಕಿಲೊ ಪನೀರ್ ಮಾಡಿ ಹೋಟೆಲ್‌ಗಳಿಗೆ ಕೊಡುತ್ತಾರೆ. ಅವರ ದನಿಯಲ್ಲಿ ಹೆದರಿಕೆ ಇತ್ತು. "ನೀವ್ ಹೇಳಿದ್ದ ಕೇಳಿದ್ರ ನಾವು ಬಂದ್ ಮಾಡೂದ ಚೊಲೊ ಅನಸ್ತೈತ್ರಿ. ನಮ್ಮಂಥವ್ರು ಎಲ್ಲಿ ಲ್ಯಾಬ್ ಇಡೂನ್ರಿ?"

ಬಂದ್ ಮಾಡಬೇಡಿ ಅಕ್ಕಾ ಅಂದೆ. ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, 14 ಅಂಕಿಯ ನಂಬರ್ ಬರುತ್ತದೆ. ಆಮೇಲೆ ಹಾಲಿಗೆ ಹಾಕುವ ಒಂದು ಥರ್ಮಾಮೀಟರ್ ಕೊಳ್ಳಿ. ಪನೀರಿಗೆ ಹಾಲನ್ನು ಹೇಗೂ ಚೆನ್ನಾಗಿ ಕಾಯಿಸುತ್ತೀರಿ, ಅಲ್ಲಿ ಜಂತು ಸಾಯುತ್ತದೆ. ಮತ್ತೆ ಹತ್ತೋದು ಒಡೆದ ಮೇಲೆ. ಹಿಂಡುವ ಬಟ್ಟೆಯನ್ನು ದಿನವೂ ಕುದಿಯುವ ನೀರಿನಲ್ಲಿ ಹಾಕಿ, ಬಿಸಿಲಿಗೆ ಒಣಗಿಸಿ. ಗಡ್ಡೆ ಮುಳುಗಿಸಿಡುವ ತಣ್ಣೀರು ಕುದಿಸಿ ಆರಿಸಿದ್ದಾಗಿರಲಿ, ಬೋರಿನ ನೀರು ನೇರ ಬೇಡ. ಹಸಿ ಹಾಲಿನ ಪಾತ್ರೆ ಮುಟ್ಟಿದ ಕೈಯಲ್ಲಿ ಪನೀರ್ ಕೊಯ್ಯಬೇಡಿ.

ಆಮೇಲೆ ಒಂದು ನೋಟ್‌ಬುಕ್. ಇವತ್ತಿನ ತಾರೀಖು, ಹಾಲು ಯಾರದು, ಎಷ್ಟು ಡಿಗ್ರಿಗೆ ಕಾಯಿತು, ಬಟ್ಟೆ ಕುದಿಸಿದಿರೋ ಇಲ್ಲವೋ, ಎಷ್ಟು ಕಿಲೊ ಆಯಿತು, ಯಾವ ಹೋಟೆಲ್‌ಗೆ ಎಷ್ಟು ಹೋಯಿತು. ಒಂದು ದಿನಕ್ಕೆ ಒಂದು ಸಾಲು ಸಾಕು. "ನನಗ ಬರಿಯಾಕ ಬರೂದಿಲ್ರಿ" ಅಂದರು ಅವರು. ಮಗಳು ಏಳನೇ ಕ್ಲಾಸಿನಲ್ಲಿದ್ದಾಳಂತೆ. ಸಾಲಿಗೆ ಹೋಗೋ ಮುಂಚೆ ಅವಳ ಕೈಲಿ ಬರೆಸಿ ಅಂದೆ. ಅವರು ಪಕ್ಕದವರ ಹತ್ತಿರ ಪೆನ್ನು ಇಸಿದುಕೊಂಡು, ಏನೇನು ಬರೆಸಬೇಕು ಅಂತ ಕರಪತ್ರದ ಹಿಂದೆ ಬರೆದುಕೊಡಿ ಅಂತ ನನ್ನ ಮುಂದೆ ಹಿಡಿದರು. ಬರೆದುಕೊಟ್ಟೆ.